ತೆಂಗಿನ ಚಿಪ್ಪಿನ ಕಾರ್ಬನ್‌ನಲ್ಲಿ ಹೈಡ್ರೋಜನ್ ತುಂಬಿ ಗಾಡಿ ಓಡಿಸಬಹುದಾ?

ಪ್ರಶ್ನೆ: ನಮ್ಮ ತಿಪಟೂರು ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಇದ್ದಿಲು ಮಾಡಲು ಕೊಳ್ಳುತ್ತಾರೆ. ಅದರಿಂದ ಮಾಡಿದ ಕಾರ್ಬನ್ ಹೈಡ್ರೋಜನ್ ಹೀರುತ್ತದಂತೆ. ಅದನ್ನೇ ಗಾಡಿ ಟ್ಯಾಂಕಿಗೆ ತುಂಬಬಹುದಲ್ವಾ? ಆದರೆ ಪುಡಿ ತುಂಬಿದರೆ ಗ್ಯಾಸಿಗೆ ಜಾಗ ಕಮ್ಮಿ ಆಗುವುದಿಲ್ಲವೇ?

ಹೀರುವುದು ನಿಜ. ಗಾಡಿಗೆ ಮಾತ್ರ ಸದ್ಯಕ್ಕೆ ಆಗದು.

ಒಂದು ಕಿಲೋ ಹೈಡ್ರೋಜನ್‌ನಲ್ಲಿ ಸುಮಾರು ಮೂರು ಕಿಲೋ ಪೆಟ್ರೋಲಿನಷ್ಟು ಶಕ್ತಿ ಇದೆ. ಆದರೆ ಸುಮ್ನೆ ಬಿಟ್ಟರೆ ಆ ಒಂದು ಕಿಲೋಗೇ 11,000 ಲೀಟರಿಗಿಂತ ಜಾಸ್ತಿ ಜಾಗ ಬೇಕು. ಅದಕ್ಕೇ ಟೊಯೋಟಾ ಮಿರಾಯ್ ಕಾರಿನಲ್ಲಿ 5.6 ಕಿಲೋವನ್ನು 700 ಬಾರ್ ಒತ್ತಡದಲ್ಲಿ (ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಅದುಮಿ ಇಡುತ್ತಾರೆ. ನಮ್ಮ ಸಿಎನ್‌ಜಿ ಆಟೋ ಸಿಲಿಂಡರಿನದು 200 ಬಾರ್ ಅಷ್ಟೇ. ಇಷ್ಟು ಒತ್ತಡ ತಡೆಯುವ ಟ್ಯಾಂಕ್ ದುಬಾರಿ. ಒತ್ತಡ ಇಳಿಸುವ ಆಸೆಯಿಂದಲೇ ವಿಜ್ಞಾನಿಗಳು ತೂತುತೂತಾದ ವಸ್ತುಗಳ ಹಿಂದೆ ಬಿದ್ದಿದ್ದಾರೆ.

ಜಾಗದ ಬಗ್ಗೆ ಕೇಳಿದಿರಲ್ಲ, ವಿಷಯ ಇರುವುದೇ ಅಲ್ಲಿ. ಕಮ್ಮಿ ಒತ್ತಡದ ಗ್ಯಾಸಿನಲ್ಲಿ ಅಣುಗಳು ದೂರದೂರ ಓಡಾಡುತ್ತಿರುತ್ತವೆ. ಗೋಡೆ ಸಿಕ್ಕರೆ ಅದಕ್ಕೆ ಅಂಟಿ ಒತ್ತೊತ್ತಾಗಿ ಕೂರುತ್ತವೆ. ಚಿಪ್ಪಿನ ಇದ್ದಿಲಿಗೆ ಕಡುಬಿಸಿ ಹಬೆ ಹಾಯಿಸಿದರೆ ಆಕ್ಟಿವೇಟೆಡ್ ಕಾರ್ಬನ್ ಆಗುತ್ತದೆ. ಅದರ ಒಂದೇ ಗ್ರಾಮಿನ ತೂತುಗಳ ಒಳಗೋಡೆ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ! ಪುಡಿ ತಿನ್ನುವ ಜಾಗಕ್ಕಿಂತ ಈ ಗೋಡೆಗಳಿಂದ ಆಗುವ ಲಾಭ ದೊಡ್ಡದು. 700 ಬಾರಿನಲ್ಲಿ ಅಣುಗಳು ಮೊದಲೇ ಕಿಕ್ಕಿರಿದಿರುತ್ತವೆ. ಅಲ್ಲಿ ಪುಡಿ ಹಾಕಿದರೆ ನೀವು ಹೇಳಿದ ಹಾಗೆ ಜಾಗ ದಂಡ.

ಈ ಅಂಟು ತೀರಾ ಸಡಿಲ. ತುಮಕೂರಿನ ಏಪ್ರಿಲ್ ಬಿಸಿಲೇ ಬೇಕಿಲ್ಲ, ಮನೆಯೊಳಗಿನ ಬಿಸಿಗೇ ಬಿಟ್ಟುಹೋಗುತ್ತದೆ. 100 ಬಾರ್ ಕೊಟ್ಟರೂ ಇಂಥ ಕಾರ್ಬನ್ ತನ್ನ ತೂಕದ ನೂರರಲ್ಲಿ ಒಂದು ಪಾಲನ್ನೂ ಹಿಡಿಯದು. ಮೈನಸ್ 196 ಡಿಗ್ರಿಗೆ ತಂಪು ಮಾಡಿದರೆ ಸುಮಾರು ಎರಡು ಪಾಲು. ಮಿರಾಯ್‌ನ 5.6 ಕಿಲೋಗೆ ಲೆಕ್ಕ ಹಾಕಿ: 280 ಕಿಲೋ ಪುಡಿ! ಆ ಚಳಿ ಕಾಯುವ ಟ್ಯಾಂಕಿನ ತೂಕ ಬೇರೆ.

ಇನ್ನೂ ಜೋರಾಗಿ ಹೀರುವವು ಎಂಓಎಫ್‌ಗಳು. ಲೋಹದ ಗಂಟುಗಳಿಗೆ ಇಂಗಾಲದ ಅಣುಕಡ್ಡಿಗಳನ್ನು ಜೋಡಿಸಿ ಕಟ್ಟಿದ ಹರಳುಗಳಿವು. 2025ರ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ಇವುಗಳಿಗೇ. ಕಿತಗಾವಾ, ರಾಬ್ಸನ್, ಯಾಘಿ ಹಂಚಿಕೊಂಡರು. 2020ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ತೋರಿಸಿದ ಎನ್‌ಯು-1501 ಎಂಬುದರ ಒಂದು ಗ್ರಾಮಿಗೆ ಒಂದೂಮುಕ್ಕಾಲು ಎಕರೆ ಒಳಗೋಡೆ. 100 ಬಾರ್ ಸಾಕು. ಆದರೆ ಚಳಿ ಮಾತ್ರ ಅದೇ ಮೈನಸ್ 196.

ಮಾಮೂಲಿ ಬಿಸಿಯಲ್ಲೂ ಬಿಡದ, ಬೇಕೆಂದಾಗ ಬಿಟ್ಟುಕೊಡುವ ಅಂಟು ಇನ್ನೂ ಸಿಗಬೇಕು. ಸದ್ಯಕ್ಕೆ ನಿಮ್ಮ ಚಿಪ್ಪಿನ ಕಾರ್ಬನ್ನಿಗೆ ನೀರಿನ ಫಿಲ್ಟರಿನವರು, ಚಿನ್ನದ ಗಣಿಯವರೇ ಗಿರಾಕಿಗಳು. ಆ ರೇಟು ವಿಚಾರಿಸಿಯೇ ಚಿಪ್ಪು ಮಾರಿ.