ಭೂಮಿ ಬಿಸಿಯಾದರೆ ಎತ್ತರದ ಬೆಟ್ಟಗಳ ಮರಗಳಿಗೆ ಲಾಭವೇ ಅಲ್ಲವೇ?

ಓದುಗರ ಪ್ರಶ್ನೆ: ಎತ್ತರದ ಪರ್ವತಗಳಲ್ಲಿ ಮರಗಳಿಗೆ ಚಳಿಯೇ ಶತ್ರು ಎಂದಾದರೆ, ಭೂಮಿ ಬಿಸಿಯಾಗುವುದರಿಂದ ಅವುಗಳಿಗೆ ಒಳ್ಳೆಯದೇ ಆಗಬೇಕಲ್ಲವೇ? ಕೆಳಗೆ ಸೆಖೆ ಹೆಚ್ಚಿದರೆ ಕಾಡು ಮೇಲಕ್ಕೆ ಸರಿದುಕೊಳ್ಳುತ್ತದೆ, ಅಷ್ಟೇ ತಾನೇ?

ಈ ಪ್ರಶ್ನೆ ಪದಗಳನ್ನು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಇದುವರೆಗೆ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುತ್ತಿದ್ದೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ ಎಂಬುದಕ್ಕೆ ಅದೇ ಪ್ರಶ್ನೆ ಮರಳಿ ಬರುತ್ತಿರುವುದೇ ಸಾಕ್ಷಿ. ಆದ್ದರಿಂದ ಈ ಸಲ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಪ್ರಶ್ನೆಯ ಮೊದಲರ್ಧ ಸರಿಯಾಗಿದೆ. ಎರಡನೆಯ ಅರ್ಧ ತಪ್ಪು, ಮತ್ತು ಆ ತಪ್ಪಿಗೆ ಬೇರು ಬಹಳ ಆಳವಾಗಿದೆ.

ಸರಿಯಾದ ಭಾಗವನ್ನು ಮೊದಲು ನೋಡೋಣ. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಗಾಳಿಯ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಒಂದು ಎತ್ತರದಾಚೆಗೆ ಮರಗಳು ನಿಂತುಹೋಗಿ ಪೊದೆ, ಹುಲ್ಲು, ಬಂಡೆಗಳಷ್ಟೇ ಉಳಿಯುತ್ತವೆ. ಆ ಗಡಿಯೇ ವೃಕ್ಷರೇಖೆ. ಆಗ್ನೇಯ ಟಿಬೆಟಿನಲ್ಲಿ ಜುನಿಪರ್ ಮರಗಳು ಸುಮಾರು 4,900 ಮೀಟರ್ ಎತ್ತರದವರೆಗೂ ಇವೆ, ಆಲ್ಪ್ಸ್ ಪರ್ವತಗಳಲ್ಲಿ ಅದರ ಅರ್ಧದಷ್ಟು ಎತ್ತರಕ್ಕೇ ಮರಗಳು ಮುಗಿಯುತ್ತವೆ. ಆದರೆ ಬಾಸೆಲ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕ್ರಿಶ್ಚಿಯನ್ ಕೋರ್ನರ್ ಮತ್ತು ಅವರ ಸಂಗಡಿಗರು ಜಗತ್ತಿನ ಹಲವು ಪರ್ವತಗಳಲ್ಲಿ ಅಳೆದು ತೋರಿಸಿದಂತೆ, ವೃಕ್ಷರೇಖೆ ಎಷ್ಟೇ ಎತ್ತರದಲ್ಲಿರಲಿ, ಬೆಳವಣಿಗೆಯ ಋತುವಿನ ಸರಾಸರಿ ತಾಪಮಾನ ಅಲ್ಲಿ ಹೆಚ್ಚುಕಡಿಮೆ ಒಂದೇ, ಅಂದರೆ 6ರಿಂದ 7 ಡಿಗ್ರಿಯ ಆಸುಪಾಸು. ಗಾಳಿ ತೆಳುವಾಗಿ ಆಮ್ಲಜನಕ ಸಾಲದೆ ಮರಗಳು ನಿಲ್ಲುತ್ತವೆ ಎಂದು ನಂಬಿದವರು ಈ ಒಂದು ಅಂಕಿಯನ್ನು ಗಮನಿಸಿದರೆ ಸಾಕು. ಆಹಾರದ ಕೊರತೆಯೂ ಕಾರಣವಲ್ಲ, ಏಕೆಂದರೆ ಅಲ್ಲಿನ ಮರಗಳ ಒಡಲಿನಲ್ಲಿ ಸಕ್ಕರೆ ಮತ್ತು ಪಿಷ್ಟ ಬೇಕಾದಷ್ಟಿರುತ್ತದೆ. ಎಲೆಗಳು ಚಳಿಯಲ್ಲೂ ಆಹಾರ ತಯಾರಿಸುತ್ತಲೇ ಇರುತ್ತವೆ, ಆದರೆ ಸುಮಾರು 5 ಡಿಗ್ರಿಗಿಂತ ಕೆಳಗೆ ಹೊಸ ಕೋಶಗಳನ್ನು ಕಟ್ಟುವ ಕೆಲಸ ಬಹುಮಟ್ಟಿಗೆ ನಿಂತುಬಿಡುತ್ತದೆ. ಇಟ್ಟಿಗೆ, ಗಾರೆ ರಾಶಿ ಬಿದ್ದಿದ್ದರೂ ಮೇಸ್ತ್ರಿಯ ಕೈ ಮರಗಟ್ಟಿ ಗೋಡೆ ಏಳದಂತಹ ಸ್ಥಿತಿ ಅದು.

ಇನ್ನು ತಪ್ಪಾದ ಭಾಗ. ಸಾವಿರ ಮೀಟರಿಗೆ 6.5 ಡಿಗ್ರಿ ಎಂಬ ಅಂಕಿಯನ್ನು ಕೈಗೆ ಕೊಟ್ಟೊಡನೆ ಎಲ್ಲರೂ ಒಂದು ಲೆಕ್ಕ ಹಾಕುತ್ತಾರೆ: ಒಂದು ಡಿಗ್ರಿ ಬಿಸಿಯಾದರೆ ಕಾಡು 150 ಮೀಟರ್ ಮೇಲೇರುತ್ತದೆ. ಭಾಗಾಕಾರದಲ್ಲಿ ದೋಷವಿಲ್ಲ, ದೋಷವಿರುವುದು ಕ್ರಿಯಾಪದದಲ್ಲಿ. ಮರ ಏರುವುದಿಲ್ಲ, ಮೊಳೆತ ಜಾಗದಲ್ಲಿಯೇ ಅದು ಸಾಯುತ್ತದೆ. ‘ಕಾಡು ಮೇಲೇರಿತು’ ಎಂಬ ಮಾತು ಒಂದಕ್ಕೊಂದು ಸಂಬಂಧವೇ ಇಲ್ಲದಿರಬಹುದಾದ ಎರಡು ಘಟನೆಗಳನ್ನು ಒಟ್ಟಿಗೆ ಮುಚ್ಚಿಡುತ್ತದೆ. ಮೇಲೆ ಸಸಿಯೊಂದು ಬದುಕಿ ಮರವಾಗಬೇಕು. ಕೆಳಗೆ ಹಳೆಯ ಮರ ಸತ್ತು ಜಾಗ ಖಾಲಿಯಾಗಬೇಕು. ಮೊದಲನೆಯದಕ್ಕೆ ಹಲವು ದಶಕಗಳು ಬೇಕು. ಎರಡನೆಯದು ಎರಡೇ ಬೇಸಿಗೆಯಲ್ಲಿ ಆಗಿಹೋಗಬಹುದು.

ಸಸಿಯ ಕಷ್ಟವನ್ನು ನೋಡಿ. ದೊಡ್ಡ ಮರದ ನೆತ್ತಿ ಗಾಳಿಯಲ್ಲಿರುತ್ತದೆ, ಆದ್ದರಿಂದ ಗಾಳಿಯ ತಾಪಮಾನವೇ ಅದರ ತಾಪಮಾನ. ಸಸಿಯಾದರೋ ನೆಲಕ್ಕಂಟಿಕೊಂಡು ಬೇರೆಯದೇ ಹವೆಯಲ್ಲಿ ಬದುಕುತ್ತದೆ: ಬಿಸಿಲು ಬಿದ್ದ ಹಗಲಿನಲ್ಲಿ ಅಲ್ಲಿ ಗಾಳಿಗಿಂತ ಹೆಚ್ಚು ಶಾಖ, ಮೋಡವಿಲ್ಲದ ರಾತ್ರಿಯಲ್ಲಿ ಗಾಳಿಗಿಂತ ಹೆಚ್ಚು ಚಳಿ. ಹವಾಮಾನ ಕೇಂದ್ರದ ತಾಪಮಾಪಕ ಒಂದು ಡಿಗ್ರಿ ಏರಿಕೆ ತೋರಿಸಿದ ಮಾತ್ರಕ್ಕೆ ಆ ರಾತ್ರಿಯ ಹೆಪ್ಪು ತಪ್ಪುವುದಿಲ್ಲ. ಬದಲಿಗೆ ವಸಂತ ಬೇಗ ಬಂದು ಹಿಮದ ಹೊದಿಕೆ ಮೊದಲೇ ಕರಗಿದರೆ, ಚಿಗುರೊಡೆದ ಮೇಲೆ ಬೀಳುವ ಚಳಿಗೆ ಸಸಿ ಬೆತ್ತಲಾಗಿ ಸಿಕ್ಕಿಬೀಳುತ್ತದೆ. ಬಿಸಿ ಹೆಚ್ಚಿದ್ದರಿಂದಲೇ ಚಳಿಗೆ ಸಾಯುವುದು ಎಂದರೆ ನಗುವವರಿದ್ದಾರೆ. ಅಲಾಸ್ಕಾದ ಕರಾವಳಿಯ ಹಳದಿ ಸೀಡರ್ ಕಾಡುಗಳಲ್ಲಿ ಬಲಿತ ಮರಗಳೇ ಹೀಗೆ ಸತ್ತಿವೆ: ನೆಲದ ಮೇಲೆ ಹಿಮ ಕಡಿಮೆಯಾಗಿ, ಮೇಲ್ಪದರದಲ್ಲಿ ಹರಡಿದ ಬೇರುಗಳು ಹೆಪ್ಪುಗಟ್ಟಿದವು. ಹಿಮ ಉಳಿದುಕೊಂಡಿರುವ ಮೇಲಿನ ಇಳಿಜಾರುಗಳಲ್ಲಿ ಅದೇ ಜಾತಿಯ ಮರಗಳು ಚೆನ್ನಾಗಿವೆ.

ಇದೆಲ್ಲ ತರ್ಕ ಮಾತ್ರ, ಪುರಾವೆ ಎಲ್ಲಿ ಎನ್ನುವವರಿಗೆ ಒಂದು ಸಮೀಕ್ಷೆಯನ್ನು ನೆನಪಿಸುತ್ತೇನೆ. ಜಗತ್ತಿನ 166 ವೃಕ್ಷರೇಖೆಗಳಲ್ಲಿ 1900ರಿಂದೀಚೆಗೆ ಏನಾಗಿದೆ ಎಂಬುದನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದಾಗ, ಅವುಗಳಲ್ಲಿ ಮುಂದಕ್ಕೆ ಸರಿದಿದ್ದವು 52 ಪ್ರತಿಶತ ಮಾತ್ರ. ಹಿಂದೆ ಸರಿದದ್ದು 1 ಪ್ರತಿಶತ. ಉಳಿದವು ಇದ್ದಲ್ಲೇ ಇದ್ದವು. ಬೇಸಿಗೆಗಿಂತ ಚಳಿಗಾಲ ಬೆಚ್ಚಗಾದ ಕಡೆಗಳಲ್ಲಿಯೇ ಮುನ್ನಡೆ ಹೆಚ್ಚಾಗಿ ಕಂಡದ್ದು ನನ್ನ ಪ್ರಕಾರ ಅದರ ಅತ್ಯಂತ ಕುತೂಹಲಕರ ಅಂಶ. ಆಲ್ಪ್ಸ್‌ನಲ್ಲಿ ಕಾಡು ಮೇಲೇರಿದ್ದನ್ನು ಹವಾಮಾನದ ಖಾತೆಗೆ ಬರೆದುಬಿಡುವವರೂ ಇದ್ದಾರೆ. ಅಲ್ಲಿನ ಏರಿಕೆಯ ದೊಡ್ಡ ಪಾಲಿಗೆ ಕಾರಣ, ದನ ಮೇಯಿಸುವುದನ್ನು ಜನ ಬಿಟ್ಟದ್ದು. ಹಿಂದೆ ದನಗಳು ಕೆಳಗಿಳಿಸಿದ್ದ ಗಡಿಯನ್ನು ಕಾಡು ಮರಳಿ ಪಡೆಯುತ್ತಿದೆ.

ಕೆಳಗಿನ ಸಾವಿನ ಲೆಕ್ಕ ಇದಕ್ಕಿಂತ ಚುರುಕಾಗಿ ನಡೆಯುತ್ತದೆ. ಪಶ್ಚಿಮ ಉತ್ತರ ಅಮೆರಿಕದ ಎತ್ತರದ ಪರ್ವತಗಳಲ್ಲಿ ಬೆಳೆಯುವ ಬಿಳಿತೊಗಟೆ ಪೈನ್ ಮರವನ್ನು ಚಳಿ ಎರಡು ರೀತಿಯಲ್ಲಿ ಕಾಯುತ್ತಿತ್ತು. ಮೈನಸ್ 40 ಡಿಗ್ರಿಯ ಸುಮಾರಿಗೆ ಇಳಿಯುವ ಚಳಿಗಾಲ ಪೈನ್ ತೊಗಟೆ ದುಂಬಿಯ ಮರಿಹುಳುಗಳನ್ನು ಕೊಲ್ಲುತ್ತಿತ್ತು, ಮತ್ತು ತಂಪಾದ ಬೇಸಿಗೆಯಲ್ಲಿ ಒಂದು ತಲೆಮಾರು ಮುಗಿಸಲು ದುಂಬಿಗೆ ಎರಡು ವರ್ಷ ಹಿಡಿಯುತ್ತಿತ್ತು. ಬಿಸಿ ಏರಿದ ಮೇಲೆ ಚಳಿಗಾಲದ ಕಾವಲು ಸಡಿಲವಾಯಿತು, ತಲೆಮಾರು ಒಂದೇ ವರ್ಷಕ್ಕೆ ಇಳಿಯಿತು. ಹೊರಗಿನಿಂದ ಬಂದ ತುಕ್ಕುರೋಗವೂ ಜೊತೆಗೂಡಿತು. ಈ ಪೈನಿನ ಕಾಯಿ ತಾನಾಗಿ ಬಿರಿಯುವುದಿಲ್ಲ. ಕಾಗೆಯ ಬಳಗದ ಕ್ಲಾರ್ಕ್ ನಟ್‌ಕ್ರ್ಯಾಕರ್ ಹಕ್ಕಿ ಬೀಜ ಕಿತ್ತು ನೆಲದಲ್ಲಿ ಹೂತಿಟ್ಟು, ತಿನ್ನದೆ ಬಿಟ್ಟವು ಮಾತ್ರ ಮೊಳೆಯುತ್ತವೆ. ಹೇರಳವಾಗಿ ಕಾಯಿ ಬಿಡಲು ಮರಕ್ಕೆ ಸುಮಾರು 60 ವರ್ಷವಾದರೂ ಆಗಬೇಕು. ಒಂದೇ ವರ್ಷದಲ್ಲಿ ತಲೆಮಾರು ಮುಗಿಸುವ ದುಂಬಿಯೊಡನೆ ಈ ಮರ ಓಟಕ್ಕೆ ನಿಂತರೆ ಫಲಿತಾಂಶ ಏನೆಂದು ಹೇಳಬೇಕಾಗಿಲ್ಲ. 2022ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಇದನ್ನು ಅಪಾಯದಲ್ಲಿರುವ ಪ್ರಭೇದಗಳ ಕಾಯ್ದೆಯಡಿ ರಕ್ಷಿತ ಪಟ್ಟಿಗೆ ಸೇರಿಸಿತು.

ಹಾಗಾದರೆ ಲಾಭ ಪಡೆದ ಮರಗಳೇ ಇಲ್ಲವೇ? ಇವೆ. ಅಮೆರಿಕದ ಪಶ್ಚಿಮದ ಒಣ ಪರ್ವತಗಳಲ್ಲಿ 4,800 ವರ್ಷಕ್ಕೂ ಹೆಚ್ಚು ಕಾಲ ಬದುಕಿರುವ ಬ್ರಿಸಲ್‌ಕೋನ್ ಪೈನ್‌ಗಳಿವೆ. ಅಲ್ಲಿ ವೃಕ್ಷರೇಖೆಯ ಅಂಚಿನಲ್ಲಿಯೇ ಇರುವ ಮರಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡದೊಳಗೆ ವರ್ಷಕ್ಕೊಂದರಂತೆ ಕಟ್ಟಿದ ಬೆಳವಣಿಗೆಯ ಉಂಗುರಗಳು, ಹಿಂದಿನ 3,700 ವರ್ಷಗಳಲ್ಲಿ ಯಾವ ಅರ್ಧ ಶತಮಾನದಲ್ಲೂ ಕಾಣದಷ್ಟು ಅಗಲವಾಗಿವೆ. ಪ್ರಶ್ನೆ ಕೇಳಿದವರು ಇಲ್ಲಿ ಗೆದ್ದೆವೆಂದುಕೊಳ್ಳಬಹುದು. ಆದರೆ ಅಲ್ಲಿಂದ ನೂರು ಮೀಟರ್ ಕೂಡ ಇಳಿಯುವ ಮೊದಲೇ ಅದೇ ಜಾತಿಯ ಮರಗಳು ಬೇರೆ ಮಾತಾಡುತ್ತವೆ: ಅವುಗಳ ಉಂಗುರದ ಅಗಲವನ್ನು ನಿರ್ಧರಿಸುವುದು ಶಾಖವಲ್ಲ, ನೀರು. ಹಿಮಾಲಯದಲ್ಲಂತೂ ವೃಕ್ಷರೇಖೆಯಲ್ಲೇ ಈ ಕಥೆ. ಹಿಂದೆ ತೊಗಟೆಯ ಮೇಲೆ ಗ್ರಂಥ ಬರೆಯುತ್ತಿದ್ದ ಆ ಭೂರ್ಜ ಮರ ನೇಪಾಳದ ಭಾಗದಲ್ಲಿ, ಮುಂಗಾರಿಗೆ ಮುಂಚಿನ ತಿಂಗಳುಗಳು ಬಿಸಿಯಾಗಿ ಒಣಗಿದ ವರ್ಷಗಳಲ್ಲಿ ಕಿರಿದಾದ ಉಂಗುರ ಕಟ್ಟುತ್ತದೆ. ಅದಕ್ಕೆ ಹೆಚ್ಚುವರಿ ಶಾಖ ಎಂದರೆ ಹೆಚ್ಚುವರಿ ಬಾಯಾರಿಕೆ.

ಯಾರೂ ನೇರವಾಗಿ ಕೇಳದ, ಆದರೆ ಇಲ್ಲಿಗೆ ಬಂದಾಗ ಏಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಮರಗಳು ತಾವಾಗಿ ಏರಲಾರವೆಂದರೆ ನಾವೇ ಸಸಿಗಳನ್ನು ಹೊತ್ತೊಯ್ದು ಮೇಲೆ ನೆಟ್ಟರೆ ಹೇಗೆ? ಸ್ವಿಟ್ಜರ್ಲೆಂಡಿನ ದಾವೋಸ್ ಸಮೀಪದ ಸ್ಟಿಲ್‌ಬರ್ಗ್ ಇಳಿಜಾರಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ, ಅದೂ ಹವಾಮಾನ ಬದಲಾವಣೆ ಮನೆಮಾತಾಗುವ ಎಷ್ಟೋ ಮೊದಲು, ಹಿಮಕುಸಿತ ತಡೆಯುವ ಉದ್ದೇಶದಿಂದ. 1975ರಲ್ಲಿ 2,000 ಮೀಟರಿಗಿಂತ ಎತ್ತರದಲ್ಲಿ, ಚಳಿಗಾಲಕ್ಕೆ ಎಲೆ ಉದುರಿಸುವ ಲಾರ್ಚ್ ಮರ ಮತ್ತು ಎರಡು ಬಗೆಯ ಪೈನ್ ಸೇರಿ ಸುಮಾರು 92,000 ಸಸಿಗಳನ್ನು ಅಲ್ಲಿ ನೆಡಲಾಯಿತು. ಮೂರು ದಶಕಗಳ ನಂತರ ಎಣಿಸಿದಾಗ ಲಾರ್ಚ್‌ಗಳಲ್ಲಿ ಹೆಚ್ಚಿನವು ಉಳಿದಿದ್ದವು, ಎರಡೂ ಪೈನ್‌ಗಳಲ್ಲಿ ಹೆಚ್ಚಿನವು ಸತ್ತಿದ್ದವು. ಚಳಿಗಾಲದಲ್ಲೂ ಎಲೆ ಉದುರಿಸದ ಪೈನ್‌ಗಳನ್ನು ಹಿಮದಡಿಯಲ್ಲಿ ಬೆಳೆಯುವ ಶಿಲೀಂಧ್ರ ತಿಂದುಹಾಕಿತ್ತು. ಹಿಮ ಬೇಗ ಕರಗುವ ದಿಣ್ಣೆಗಳ ಮೇಲೆ ಅಷ್ಟಿಷ್ಟು ಬದುಕಿದ್ದವು. ಅಲ್ಲಿಂದ ಕೆಲವೇ ಹೆಜ್ಜೆ ದೂರದ, ಹಿಮ ತಡವಾಗಿ ಕರಗುವ ತಗ್ಗುಗಳಲ್ಲಿ ಬಹುತೇಕ ಏನೂ ಉಳಿದಿರಲಿಲ್ಲ.