ಗಾಳ ಹಾಕುವವರ ಲೆಕ್ಕದ ಪುಸ್ತಕ: ಕಾವೇರಿಯ ಮಹಶೀರ್

ಬೇಟೆ, ಗಾಳ ಹಾಕುವವರಿಂದ ಪ್ರಕೃತಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಬರೆಯುವ ಉದಾಹರಣೆ ಹೆಚ್ಚಾಗಿ ಅಮೆರಿಕದ್ದೇ. ಅದನ್ನು ಬೇಗ ಮುಗಿಸಿಬಿಡೋಣ. ಅಲ್ಲಿ ಬಾತುಕೋಳಿ ಬೇಟೆಗೆ ಹೋಗುವವರು 1934ರಿಂದ ವರ್ಷ ವರ್ಷವೂ 'ಡಕ್ ಸ್ಟ್ಯಾಂಪ್' ಎಂಬ ಸರ್ಕಾರಿ ಚೀಟಿ ಕೊಳ್ಳಬೇಕು. ಆ ದುಡ್ಡಿನಲ್ಲಿ ಜೌಗು ನೆಲ ಕೊಂಡು ಕಾಪಾಡುತ್ತಾರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆ ಬಂದೂಕು, ಮದ್ದುಗುಂಡಿನ ಮೇಲಿನ ಶೇ 11 ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. 1950ರಲ್ಲಿ ಗಾಳದ ಸಾಮಾನಿಗೂ ಇಂಥದ್ದೇ ಕಾನೂನು ಬಂತು.

ಇದೆಲ್ಲ ಸರ್ಕಾರದ ಮೂಲಕ ನಡೆಯುವುದು. ಜನರೇ ನದಿಗಿಳಿದ ಕಥೆ ಬೇಕಾದರೆ ಶಿವನಸಮುದ್ರದ ಕೆಳಗಿನ ಕಾವೇರಿಗೆ ಬರಬೇಕು.

ಇಲ್ಲಿನ ದೊಡ್ಡ ಮೀನು ಮಹಶೀರ್. ಇದಕ್ಕೆ ಬಿಳಿ ಮೀನು ಅನ್ನುವವರೂ ಇದ್ದಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ! ಆಮೇಲೆ ನದಿಗೆ ತೋಟೆ ಎಸೆದು ಮೀನು ಹಿಡಿಯುವವರ ಕಾಟ ಶುರುವಾಯಿತು. ತೋಟೆ ಸಿಡಿದರೆ ದೊಡ್ಡದು, ಮರಿ ಎಂಬ ಭೇದವಿಲ್ಲ, ಮಡುವಿನಲ್ಲಿದ್ದದ್ದೆಲ್ಲ ಸಾಯುತ್ತದೆ.

1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘ ಹುಟ್ಟಿತು. ಅವರು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಯಲ್ಲಿ ರಾಜ್ಯ ಸರ್ಕಾರದ ಪ್ರವಾಸಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ಗಾಳದ ಶಿಬಿರಗಳು ಬಂದವು. ಹಿಡಿದ ಮೀನನ್ನು ತೂಗಿ, ಮತ್ತೆ ನೀರಿಗೆ ಬಿಡಬೇಕು, ಅಷ್ಟೇ. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ಹೆಚ್ಚಾಗಿ ರಾಗಿ ಹಿಟ್ಟಿನ ಉಂಡೆ. ನಮ್ಮ ಮುದ್ದೆ ಮೀನಿಗೂ ಪ್ರಿಯ ಅಂತಾಯ್ತು! ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಇಲ್ಲಿ ಕಾವಲುಗಾರರೂ ದಾರಿ ತೋರುವವರೂ ಆದರು. ಪರೀಕ್ಷೆಯಲ್ಲಿ ಇದನ್ನು ಬಿಡಬೇಡಿ. ಸತ್ತ ಮೀನು ಒಂದು ದಿನದ ಸಂಪಾದನೆ. ಬದುಕಿರುವ ಮೀನಾದರೆ ಅದನ್ನೇ ಹುಡುಕಿಕೊಂಡು ಮುಂದಿನ ವರ್ಷವೂ ಜನ ಬರುತ್ತಾರೆ.

ಈಗ ನಾನೇ ಮೊದಲ ಸಲ ತಪ್ಪು ಓದಿದ ಜಾಗ. ಗಾಳಿಬೋರೆಯಲ್ಲಿ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಲೆಕ್ಕ ಹೀಗಿದೆ: 23,620 ಗಂಟೆ, 6,161 ಮಹಶೀರ್, ತೂಕ 1ರಿಂದ 104 ಪೌಂಡ್. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷ ಕಳೆದಂತೆ ಏರಿದೆ. ಸರಾಸರಿ ತೂಕ ಇಳಿದಿದೆ. ಮರಿಗಳು ಜಾಸ್ತಿಯಾದಾಗ ಸರಾಸರಿ ಇಳಿಯುವುದು ಸಹಜ ಅಲ್ವಾ? ಕಾವಲು ಗೆದ್ದಿತು ಅಂತ ಬರೆದು ನೋಟ್‌ಬುಕ್ ಮುಚ್ಚಿದ್ದೆ.

ಆದರೆ ಹೆಚ್ಚಿದ್ದು ಯಾವ ಮಹಶೀರ್? ಕಾವೇರಿ ಕೊಳ್ಳದ್ದೇ ಆದದ್ದು ಬೆನ್ನು ಉಬ್ಬಿದ, ಹೊಂಬಣ್ಣದ ಜಾತಿ. ಪುಸ್ತಕ ತುಂಬಿದ್ದು ನೀಲಿ ರೆಕ್ಕೆಯ ಇನ್ನೊಂದು ಜಾತಿ, ಅದು ಹೊರಗಿಂದ ಬಂದದ್ದು. ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಬೇರೆ ಬೇರೆ ನದಿಗಳಿಗೆ ಬಿಟ್ಟಿದ್ದರು. ಮಹಶೀರ್ ಉಳಿಯಲಿ ಎಂದೇ ಮಾಡಿದ ಕೆಲಸ ಅದು. ಇತ್ತ ಉಬ್ಬು ಬೆನ್ನಿನದು ಪುಸ್ತಕದಲ್ಲಿ ಅಪರೂಪವಾಗುತ್ತ ಹೋಯಿತು. 'ಮಹಶೀರ್' ಅಂತ ಒಟ್ಟಿಗೆ ಎಣಿಸಿದರೆ ಇದು ಕಾಣುವುದೇ ಇಲ್ಲ.

ಉಬ್ಬು ಬೆನ್ನಿನ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಮಜವೋ ಬೇಸರವೋ, ಇಷ್ಟು ವರ್ಷಗಳ ಈ ಲೆಕ್ಕ ಸಿಕ್ಕಿದ್ದು ಗಾಳ ಹಾಕಿದವರ ಕೈಯಿಂದ.

2012ರಲ್ಲಿ ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ನಿಂತಿತು. ಹಿಡಿದು ಬಿಟ್ಟರೂ ಕಾನೂನಿನ ಕಣ್ಣಿಗೆ ಅದು ಬೇಟೆಯೇ. ಮೀನಿನ ಬಾಯಿಗೆ ಗಾಳ ಚುಚ್ಚಿ ಅದನ್ನು ಸಂರಕ್ಷಣೆ ಅನ್ನಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಈ ಪ್ರಶ್ನೆ ಬಂದರೆ ನಾನು ಉತ್ತರದಲ್ಲಿ ಇನ್ನೊಂದು ಸಾಲು ಸೇರಿಸುತ್ತೇನೆ: ಗಾಳಿಬೋರೆಯ ಆ ಲೆಕ್ಕವೂ 2012ಕ್ಕೇ ಮುಗಿಯುತ್ತದೆ.