ಗುಂಡಿ ತಿರುಗಿಸಿದ ಕೈಯ ನೆನಪು

ಹಾಡಿನ ಸಾಲೊಂದು ‘ಆಕಾಶ’ ಎಂಬ ಪದದಲ್ಲಿ ಮುಗಿಯುತ್ತದೆ ಎನ್ನಿ. ಆ ಪದದ ಕೊನೆ ಮಾತ್ರ ದೂರದ ಗುಡ್ಡಕ್ಕೆ ತಾಗಿ ಮರಳಿದಂತೆ ಕೇಳಬೇಕು, ಅದರ ಹಿಂದಿನದ್ದೆಲ್ಲ ಕಿವಿಯ ಪಕ್ಕದಲ್ಲೇ ಇರಬೇಕು. ದನಿಯನ್ನು ತುಸು ತಡವಾಗಿ ಮತ್ತೆ ಮತ್ತೆ ಕೇಳಿಸುವ ಡಿಲೇಯನ್ನು ಇಡೀ ಹಾಡಿಗೆ ಹಾಕಿದರೆ ಸಾಹಿತ್ಯವೆಲ್ಲ ಕಲಸಿಹೋಗುತ್ತದೆ. ಹಾಗಾಗಿ ಆ ಕ್ಷಣಕ್ಕಷ್ಟೇ ಡಿಲೇಗೆ ಹೋಗುವ ದನಿಯನ್ನು ಏರಿಸಿ, ಕೂಡಲೇ ಇಳಿಸಬೇಕು. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಈ ಏರಿಳಿತವನ್ನು ಟ್ರ್ಯಾಕಿನ ಕೆಳಗೆ ಒಂದು ಗೆರೆಯಾಗಿ ಬರೆದಿಡಬಹುದು. ಅದೇ ಆಟೊಮೇಷನ್.

ಗೆರೆಗಿಂತ ಮುಂಚೆ ಇದ್ದದ್ದು ಕೈ. 1970ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕಿಂಗ್ ಟಬ್ಬಿ ಎಂಬ ಎಲೆಕ್ಟ್ರಾನಿಕ್ಸ್ ರಿಪೇರಿಗಾರ ಬೇರೆ ಬೇರೆ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕನ್ಸೋಲನ್ನೇ ವಾದ್ಯದಂತೆ ನುಡಿಸಿದ. ಹಾಡು ಓಡುತ್ತಿರುವಾಗಲೇ ದನಿಯನ್ನು ಎಕೋಗೆ ಎಸೆಯುತ್ತಿದ್ದ, ಹಂತ ಹಂತವಾಗಿ ತಿರುಗುವ ಫಿಲ್ಟರ್ ಗುಂಡಿಯಿಂದ ತಳದ ಸದ್ದನ್ನು ಕತ್ತರಿಸುತ್ತಿದ್ದ. ಒಮ್ಮೆ ಮಾಡಿದ ಮಿಕ್ಸ್ ಮತ್ತೊಮ್ಮೆ ಹಾಗೆಯೇ ಬರುತ್ತಿರಲಿಲ್ಲ. ಅದೇ ದಶಕದಲ್ಲಿ ಇಂಗ್ಲೆಂಡಿನ ನೀವ್ ಕಂಪನಿಯ ನೆಕ್ಯಾಮ್ ವ್ಯವಸ್ಥೆ ಕೈಯ ಚಲನೆಯನ್ನು ನೆನಪಿಟ್ಟುಕೊಂಡು ಮೋಟಾರಿನಿಂದ ಫೇಡರ್‌ಗಳನ್ನು, ಅಂದರೆ ದನಿಯ ಮಟ್ಟ ಏರಿಸಿ ಇಳಿಸುವ ಜಾರುಗುಂಡಿಗಳನ್ನು, ತಾನೇ ಸರಿಸತೊಡಗಿತು. ಇಂದು ಪ್ಲಗಿನ್‌ನ, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಡಿಲೇ, ಫಿಲ್ಟರ್‌ಗಳಂಥ ಪುಟ್ಟ ಸಾಫ್ಟ್‌ವೇರ್‌ನ, ಹೆಚ್ಚುಕಮ್ಮಿ ಪ್ರತಿ ಗುಂಡಿಗೂ ಆ ನೆನಪಿದೆ.

ಆದರೆ ಕೈ ಜಾರುತ್ತಾ ಹೋಗುತ್ತದೆ, ಕಂಪ್ಯೂಟರ್ ಮೆಟ್ಟಿಲು ಹತ್ತುತ್ತದೆ. ಇದು ನನಗೆ ಅರ್ಥವಾದದ್ದು ಒಂದು ತಂಬೂರಿಯ ರೆಕಾರ್ಡಿಂಗ್‌ನಿಂದ. ಮೇಲಿನ ಸದ್ದನ್ನು ತಡೆಹಿಡಿಯುವ ಫಿಲ್ಟರನ್ನು ಮೆಲ್ಲನೆ ತೆರೆದು ಶ್ರುತಿ ಕತ್ತಲಿನಿಂದ ಬೆಳಕಿಗೆ ಬಂದಂತೆ ಮಾಡುವ ಆಸೆ ಇತ್ತು. ಕೇಳಿದರೆ ತಂತಿಯ ನಾದದ ಮೇಲೆ ‘ಜರ್ರ್’ ಎಂಬ ಸಣ್ಣ ಕೆರೆತ. ಎರಡು ದಿನ ಕೇಬಲ್ ಬದಲಿಸಿ ಬದಲಿಸಿ ನೋಡಿದೆ. ಕೇಬಲ್‌ಗಳದ್ದು ಏನೂ ತಪ್ಪಿರಲಿಲ್ಲ.

ಲೆಕ್ಕ ಹೀಗಿದೆ. ವಾದ್ಯ, ಗುಂಡಿಗಳು ಮತ್ತು ಕಂಪ್ಯೂಟರ್ ಪರಸ್ಪರ ಮಾತಾಡಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಸಾಮಾನ್ಯ ಗುಂಡಿಗೆ ಇರುವುದು 0ಯಿಂದ 127ರವರೆಗಿನ 128 ಬೆಲೆಗಳು. ಫಿಲ್ಟರ್ 200 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ತೆರೆಯಬೇಕಾದರೆ, ಸಮ ಅನುಪಾತದಲ್ಲಿ ಹಂಚಿದರೂ ಪ್ರತಿ ಹೆಜ್ಜೆ ಸುಮಾರು ಶೇ. 3.7ರಷ್ಟು ದೊಡ್ಡದು. ಹಾರ್ಮೋನಿಯಂನ ಪಕ್ಕಪಕ್ಕದ ಮನೆಗಳ ಅಂತರವೇ ಸುಮಾರು ಶೇ. 6! ಜೊತೆಗೆ ಸಾಫ್ಟ್‌ವೇರ್ ಸದ್ದನ್ನು ತುಂಡು ತುಂಡಾಗಿ ಸಂಸ್ಕರಿಸುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳಿದ್ದು (ಸ್ಯಾಂಪಲ್ ಎಂದರೆ ಒಂದು ಕ್ಷಣದ ಸದ್ದಿನ ಅಳತೆ), ತುಂಡಿಗೆ 512 ಆದರೆ, ಸೆಕೆಂಡಿಗೆ ಸುಮಾರು 94 ತುಂಡುಗಳು. ಪ್ರತಿ ತುಂಡಿಗೊಮ್ಮೆ ಗುಂಡಿ ಜಿಗಿದರೆ ಆ ಜಿಗಿತಗಳೇ ಒಂದು ಗುಂಯ್‌ಗುಡುವ ಸದ್ದಾಗುತ್ತವೆ. ಬ್ಯಾಗಿನ ಜಿಪ್ ಎಳೆದಂತೆ ಕೇಳುವುದರಿಂದ ಇದಕ್ಕೆ ಜಿಪ್ಪರ್ ನಾಯ್ಸ್ ಎಂದೇ ಹೆಸರು. ಡ್ರಮ್ಮಿನ ಗದ್ದಲದಲ್ಲಿ ಇದು ಅಡಗಿಬಿಡುತ್ತದೆ, ತಂಬೂರಿಯಂಥ ನೀಳ ನಾದದಲ್ಲಿ ಬಯಲಾಗುತ್ತದೆ.

ಒಳ್ಳೆಯ ಪ್ಲಗಿನ್ ಹೊಸ ಬೆಲೆಗೆ ಜಿಗಿಯದೆ, ಕೆಲವು ಮಿಲಿಸೆಕೆಂಡುಗಳಲ್ಲಿ ಪ್ರತಿ ಸ್ಯಾಂಪಲ್‌ಗೂ ಇಷ್ಟಿಷ್ಟೇ ಸರಿಯುತ್ತಾ ಅಲ್ಲಿಗೆ ತಲುಪುತ್ತದೆ. ಈ ನಯಗೊಳಿಸುವಿಕೆ ಅತಿಯಾದರೆ ಗುಂಡಿ ತಾಳಕ್ಕಿಂತ ಹಿಂದೆ ಬೀಳುತ್ತದೆ. ಎಷ್ಟು ಸಾಕು ಎಂಬುದು ಕೊನೆಗೆ ಕಿವಿಯ ತೀರ್ಮಾನ.

ಡಿಲೇಯ ಸಮಯವನ್ನು ಬದಲಿಸುವುದು ಇನ್ನೂ ಸೊಗಸು. 400 ಮಿಲಿಸೆಕೆಂಡಿನ ಡಿಲೇಯನ್ನು ಒಂದು ಸೆಕೆಂಡಿನ ಅವಧಿಯಲ್ಲಿ 300ಕ್ಕೆ ಇಳಿಸಿದರೆ, ಒಳಗೆ ಕೂಡಿಟ್ಟ ಸದ್ದನ್ನು ಅಷ್ಟು ಹೊತ್ತು ಶೇ. 10ರಷ್ಟು ವೇಗವಾಗಿ ಓದಬೇಕಾಗುತ್ತದೆ. ಹಾಗಾಗಿ ಮಾರ್ದನಿಯ ಶ್ರುತಿ ಒಂದೂವರೆ ಮನೆಗಿಂತ ತುಸು ಹೆಚ್ಚೇ ಏರುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳೆ ಮೇಲಿನ ಶ್ರುತಿಯಲ್ಲಿ ಕೇಳುವುದೂ ಇಂಥದೇ ಕಾರಣಕ್ಕೆ.

ಗೆರೆಯನ್ನು ಮೌಸ್‌ನಿಂದ ಎಳೆಯಬಹುದು, ಇಲ್ಲವೇ ‘ಟಚ್’ ಮೋಡ್‌ನಲ್ಲಿ ಹಾಡು ಕೇಳುತ್ತಾ ಕೈಯಿಂದಲೇ ಬರೆಸಬಹುದು: ಮುಟ್ಟಿದಷ್ಟು ಹೊತ್ತು ಬರೆದುಕೊಳ್ಳುತ್ತದೆ, ಬಿಟ್ಟರೆ ಹಳೆಯ ಬೆಲೆಗೆ ಮರಳುತ್ತದೆ. ತಾಳಕ್ಕೆ ಕಟ್ಟಿದ ಬದಲಾವಣೆಗೆ ಮೌಸ್ ಸರಿ. ಹಾಡುವ ದನಿಗೆ ನಾನು ಕೈಯನ್ನೇ ನಂಬುತ್ತೇನೆ, ಅದು ಹಾಡುವವರ ಉಸಿರಿನ ಜೊತೆ ಹೋಗುತ್ತದೆ. ಆಮೇಲೆ ಗೆರೆಯನ್ನು ದೊಡ್ಡದು ಮಾಡಿ ನೋಡುತ್ತೇನೆ. ‘ಆಕಾಶ’ದ ‘ಶ್’ ಮೇಲೆ ಏರಿಕೆ ಶುರುವಾಗಿದ್ದರೆ ಡಿಲೇ ‘ಶ್, ಶ್, ಶ್’ ಎಂದು ಅದನ್ನೇ ಉಗುಳುತ್ತದೆ. ಆ ಬಿಂದುವನ್ನು ಕೂದಲೆಳೆಯಷ್ಟು ಬಲಕ್ಕೆ, ‘ಅ’ ತೆರೆದುಕೊಳ್ಳುವಲ್ಲಿಗೆ ಸರಿಸಿದರೆ ಮರಳಿ ಬರುವುದು ಬರೀ ಕಂಠ.